ಕಾಲಂ ಒಂದು, ಹೆಸರು ಎರಡು

ಚಿತ್ರಗಳಿಗೆ ಕಟ್ಟು ಹಾಕಿಕೊಡುವ ಆ ಹೆಂಗಸು ಹೊಸ ಚಿತ್ರಶಾಲೆಯಲ್ಲಿ ಚಿತ್ರದ ಪಕ್ಕ ಗೋಡೆಗೆ ಅಂಟಿಸಿದ್ದ ಚೀಟಿಯನ್ನು ಮೂರು ಸಲ ಓದಿದಳು. ಓದಿದಷ್ಟೂ ಮೈ ಉರಿಯಿತು. ದೊಡ್ಡಪ್ಪನ ಹೆಸರು ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣದಾಗಿ, 'ಸಹಾಯ' ಎಂದು ಅವಳ ಅಪ್ಪನ ಹೆಸರು.

ದೊಡ್ಡಪ್ಪ ಎಂದರೆ ರಕ್ತಸಂಬಂಧವಲ್ಲ, ಅಪ್ಪನ ಗೆಳೆಯ. ಇಬ್ಬರೂ ಮೂವತ್ತು ವರ್ಷ ಒಂದೇ ಮೇಜಿನ ಆಚೀಚೆ ಎದುರುಬದುರು ಕೂತು ಒಂದೇ ಕ್ಯಾನ್ವಾಸಿನ ಮೇಲೆ ಚಿತ್ರ ಬರೆದವರು. ಒಬ್ಬನಿಗೆ ನೆಟ್ಟಗೆ ಕಂಡ ಮನೆ ಇನ್ನೊಬ್ಬನಿಗೆ ತಲೆಕೆಳಗು. ಊಟವಾದ ಮೇಲೆ ಕುರ್ಚಿ ಬದಲಾಯಿಸಿಕೊಳ್ಳುತ್ತಿದ್ದರು. ಅವನು ಬಿಟ್ಟ ಮರಕ್ಕೆ ಇವನು ಎಲೆ ಬರೆಯುತ್ತಿದ್ದ. ಯಾವ ಗೀಟು ಯಾರದು ಎಂದು ಕೇಳಿದರೆ ನಗುತ್ತಿದ್ದರೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಈ ಚಿತ್ರಗಳಿಗೆ ಮೇಲು ಕೆಳಗು ಇಲ್ಲವೆಂದು ಅವಳು ಚೌಕಟ್ಟಿನ ಎರಡೂ ತುದಿಗೆ ಕೊಕ್ಕೆ ಹಾಕಿ ಕೊಡುತ್ತಿದ್ದಳು.

ಈಗ ಇಬ್ಬರೂ ಇಲ್ಲ. ದೊಡ್ಡಪ್ಪನ ತಮ್ಮನ ಮಗ ಪ್ರತಿಷ್ಠಾನ ಕಟ್ಟಿ, ಅದರ ಕಾರ್ಯದರ್ಶಿಯಾಗಿ ಮೆರೆಯುತ್ತಿದ್ದ. ದೊಡ್ಡಮ್ಮ ಅಧ್ಯಕ್ಷೆ. ನಾಳೆಯೇ ಚಿತ್ರಶಾಲೆಯ ಉದ್ಘಾಟನೆ. ಯಾರೋ ತಜ್ಞರು ಬಂದು, ತಲೆಕೆಳಗಾದ ಮನೆ ಮರಗಳೆಲ್ಲ 'ಸಹಾಯಕನ ಕೈತಪ್ಪು' ಎಂದು ಬರೆದುಕೊಟ್ಟು ಹೋಗಿದ್ದರು. ಚಿತ್ರವನ್ನು ಒಮ್ಮೆ ತಿರುಗಿಸಿ ನೋಡುವಷ್ಟು ಪುರುಸೊತ್ತೂ ಆ ಪುಣ್ಯಾತ್ಮರಿಗೆ ಇರಲಿಲ್ಲ.

"ತಿರುಗಿಸಿ ನೇತುಹಾಕಪ್ಪ, ಆಗ ದೊಡ್ಡಪ್ಪನದೇ ಕೈತಪ್ಪಾಗುತ್ತೆ," ಎಂದಳು.

"ಏನ್ ಮಾಡ್ಲಿ ಅಕ್ಕ, ಚಿತ್ರ ಒಪ್ಪಿಸೋ ಫಾರಮ್ಮಲ್ಲಿ ಕಲಾವಿದರ ಹೆಸರಿಗೆ ಇರೋದೇ ಒಂದು ಕಾಲಂ," ಎಂದ ಕಾರ್ಯದರ್ಶಿ. "ಒಂದು ಕೆಲಸ ಮಾಡಿ. ನಿಮ್ಮಪ್ಪ ಬರೆದ ಭಾಗ ಯಾವುದು ತೋರಿಸಿ, ಅಷ್ಟಕ್ಕೆ ಅವರ ಹೆಸರು ಹಾಕಿಸ್ತೀನಿ."

ಭಿಕ್ಷೆ ಹಾಕುವವನ ಗತ್ತು ನೋಡು ಎಂದುಕೊಂಡಳು. ಅವಳ ಅಂಗಡಿಯ ಹಿಂದಿನ ಕೋಣೆಯಲ್ಲಿ ಇನ್ನೂ ಹದಿನೆಂಟು ಚಿತ್ರಗಳಿದ್ದವು. ಗೋಡೆ ತೇವ ಹಿಡಿದು ಎರಡರ ಅಂಚಿಗೆ ಆಗಲೇ ಬೂಷ್ಟು ಬಂದಿತ್ತು. ಫಾರಮ್ಮಿಗೆ ಸಹಿ ಹಾಕಿ ಪ್ರತಿಷ್ಠಾನಕ್ಕೆ ಒಪ್ಪಿಸಿದರೆ ಚಿತ್ರ ಉಳಿಯುತ್ತದೆ, ಅಪ್ಪ ಸಹಾಯಕನಾಗುತ್ತಾನೆ. ಹಾಕದಿದ್ದರೆ ಚಿತ್ರವೂ ಇಲ್ಲ, ಅಪ್ಪನೂ ಇಲ್ಲ. ಬೆರಳಿಟ್ಟು ತೋರಿಸುವುದೇನು ಅವಳಿಗೆ ಕಷ್ಟವಲ್ಲ. ಎಷ್ಟೋ ಚಿತ್ರಗಳ ಬಣ್ಣ ಒಣಗುವಾಗ ಪಕ್ಕದಲ್ಲೇ ಕೂತಿದ್ದವಳು. ಆದರೆ ಅವರಿಬ್ಬರೂ ಜೀವಮಾನವೆಲ್ಲ ಹೇಳದೆ ಇದ್ದದ್ದನ್ನು ಈ ಮಹಾರಾಯನ ಕಾಲಮ್ಮಿಗೋಸ್ಕರ ಹೇಳಬೇಕೆ?

"ಪೆನ್ನು ಕೊಡು," ಎಂದಳು.

ಕಲಾವಿದರು ಎಂಬಲ್ಲಿ ಅಪ್ಪನ ಹೆಸರು ಬರೆದಳು. ಸಹಾಯಕರು ಎಂಬಲ್ಲಿ ದೊಡ್ಡಪ್ಪನ ಹೆಸರು ಬರೆಯಲು ಹೋಗಿ ಪೆನ್ನು ಹಿಂದಕ್ಕೆ ತೆಗೆದಳು. ತನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಮನುಷ್ಯ ಆತ. ಆದರೂ ಬರೆದು, ಕೆಳಗೆ ಸಹಿ ಹಾಕಿದಳು.

ಕಾರ್ಯದರ್ಶಿ ಓದಿ ಕೆಂಡಾಮಂಡಲವಾದ. "ಹುಡುಗಾಟಾನಾ ಅಕ್ಕ ಇದು? ಸುಳ್ಳು ಬರೀತೀರಲ್ಲ."

"ನಿನ್ನ ಗೋಡೆ ಮೇಲಿರೋದು ಎಷ್ಟು ನಿಜವೋ ಇದೂ ಅಷ್ಟೇ ನಿಜ."

ಅಲ್ಲಿಯವರೆಗೆ ಕಿಟಕಿಯ ಪಕ್ಕ ತಮಗೆ ಸಂಬಂಧವೇ ಇಲ್ಲವೆಂಬಂತೆ ಕೂತಿದ್ದ ದೊಡ್ಡಮ್ಮ ಫಾರಂ ಇಸಿದುಕೊಂಡರು. ಓದಿದರು. ಮುಖ ಸಪ್ಪಗಾಯಿತು.

"ನನ್ನ ಗಂಡ ಸಹಾಯಕನೇನೇ?"

"ಓದೋಕೆ ಹೇಗಿದೆ ದೊಡ್ಡಮ್ಮ?"

ದೊಡ್ಡಮ್ಮ ಎದ್ದು ಗೋಡೆಯ ಹತ್ತಿರ ಹೋಗಿ ಅಲ್ಲಿನ ಚೀಟಿಯನ್ನೂ ಓದಿದರು. ಆಮೇಲೆ ಫಾರಮ್ಮನ್ನು ಹರಿದು ಕಾರ್ಯದರ್ಶಿಯ ಕೈಗಿಟ್ಟರು. "ಇಬ್ಬರ ಹೆಸರೂ ಪಕ್ಕಪಕ್ಕ ಬರೋ ಹಾಗೆ ಬೇರೆ ಫಾರಂ ಮಾಡಿಸು. ಗೋಡೆ ಮೇಲಿನ ಚೀಟಿಗಳನ್ನೂ ಕೀಳು. ಅಲ್ಲೀವರೆಗೂ ಬಾಗಿಲು ತೆಗೆಯೋದು ಬೇಡ."

"ದೊಡ್ಡಮ್ಮ, ನಾಳೆ ಅತಿಥಿಗಳು..."

"ಬರಬೇಡಿ ಅಂತ ಹೇಳು."

ಗೆದ್ದೆನೆಂದು ಅವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಇನ್ನೂ ಜಾಸ್ತಿಯಾಯಿತು. ಈ ಚೀಟಿಗಳು ಗೋಡೆ ಹತ್ತಿ ಒಂದು ತಿಂಗಳಾಗಿತ್ತು. ದೊಡ್ಡಮ್ಮ ದಿನಾ ಅವುಗಳ ಮುಂದೆಯೇ ಓಡಾಡಿದ್ದರು.

"ಇಷ್ಟು ಹೇಳೋದಕ್ಕೆ ನಿಮ್ಮ ಗಂಡನ ಹೆಸರಿಗೇ ಏಟು ಬೀಳಬೇಕಿತ್ತಾ ದೊಡ್ಡಮ್ಮ?"

ದೊಡ್ಡಮ್ಮ ತಲೆ ತಗ್ಗಿಸಿದರು.

"ಬೀಳಬೇಕಿತ್ತು ಕಣೆ," ಎಂದರು.