ಬಿಚ್ಚದ ಹೊಲಿಗೆ

ಗೆಜ್ಜೆ — ಅಲ್ಲ, ಗೆಜ್ಜೆಯಲ್ಲ, ಮಹಡಿಯ ಅಕ್ಕನ ಬೀಗದಕೈ ಗೊಂಚಲು, ಮೆಟ್ಟಿಲಿಳಿಯುವಾಗ ಬೆರಳಿಗೆ ಸಿಕ್ಕಿಸಿ ಆಡಿಸುತ್ತ ಬರುತ್ತಾಳೆ, ಅಷ್ಟೇ, ಅಷ್ಟಕ್ಕೇ ಪೆಡಲ್ ಮೇಲಿನ ಕಾಲು ನಿಂತುಹೋಯಿತು ನೋಡು, ಮೊನ್ನೆಯಿಂದ ಹೀಗೇ, ಚಮಚ ತಟ್ಟೆಗೆ ತಾಗಿದರೂ ಗೆಜ್ಜೆ, ಬೀದಿಯಲ್ಲಿ ಸೈಕಲ್ ಹೋದರೂ ಗೆಜ್ಜೆ, ಕಿವಿಗೊಂದು ಕೆಲಸ ಸಿಕ್ಕಿಬಿಟ್ಟಿದೆ, ಹೊಲಿ, ಸುಮ್ಮನೆ ಹೊಲಿ, ಶಾಲೆ ಚೀಲಗಳು ಇನ್ನೂ ರಾಶಿ ಬಿದ್ದಿವೆ, ಎಲ್ಲದಕ್ಕೂ ಒಂದೇ ರೋಗ, ಹೆಗಲ ಪಟ್ಟಿ ಬುಡದಲ್ಲಿ ಕಿತ್ತು ಬಂದಿದೆ, ಕಾರ್ಖಾನೆಯವರು ಒಂದೇ ಒಂದು ಗೆರೆ ಹೊಡೆದು ಕೈತೊಳೆದುಕೊಳ್ಳುತ್ತಾರೆ, ನಾನು ಹಾಗಲ್ಲ, ಸುತ್ತ ಒಂದು ಚೌಕ, ಚೌಕದೊಳಗೆ ಮೂಲೆಯಿಂದ ಮೂಲೆಗೆ ಇಂಟು ಗುರುತು, ಅದರ ಮೇಲೆ ಮತ್ತೊಂದು ಸಲ, ಆನೆ ಕಟ್ಟಿ ಎಳೆದರೂ ಬರುವುದಿಲ್ಲ, ಬಟ್ಟೆ ಹರಿದೀತು ಹೊಲಿಗೆ ಬಿಚ್ಚದು ಅಂತ ಗಿರಾಕಿಗಳ ಹತ್ತಿರ ಎಷ್ಟು ಸಲ ಹೇಳಿದ್ದೇನೋ, ನನ್ನ ಬಾಯಿಗಿಷ್ಟು ಬೆಂಕಿ ಹಾಕ. ಗಾಳಿ ತಣ್ಣಗೆ ಬರುತ್ತಿದೆ, ಕಿಟಕಿ ಒಂದು ಗೇಣು ತೆರೆದೇ ಇದೆ, ಮುಚ್ಚಿಕೊಳ್ಳದಿರಲೆಂದು ಸಂದಿಯಲ್ಲಿ ಖಾಲಿ ದಾರದ ರೀಲು ಸಿಕ್ಕಿಸಿದ್ದೇನೆ, ಕೆಳಗೆ ಬಟ್ಟಲಲ್ಲಿ ಹಾಲು, ಹಾಲಿನ ಮೇಲೆ ಕೆನೆ, ಕೆನೆಯ ಮೇಲೆ ಒಂದು ನೊಣ. ಬಂದರೆ ಬೈಯುವುದಿಲ್ಲ, ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ಕೂಡ ಕೇಳುವುದಿಲ್ಲ, ಬಂದರೆ ಸಾಕು.

ಬೆಕ್ಕಿಗೆ ಮೇಸ್ತ್ರಿ ಅಂತ ಹೆಸರಿಟ್ಟವರು ಇವರೇ, ನಾನು ಹೊಲಿಯುವಾಗ ಮಿಷನ್ ಪಕ್ಕ ಬಾಲ ಸುತ್ತಿಕೊಂಡು ಕೂತು ಒಂದೊಂದು ಗೆರೆಯನ್ನೂ ನೋಡುತ್ತಿತ್ತಲ್ಲ, ನೋಡೇ ನಿನ್ನ ಮೇಸ್ತ್ರಿ, ಸಂಬಳ ಹಿಡೀತಾನೆ ಹುಷಾರು ಅಂತ ನಗುತ್ತಿದ್ದರು, ಡಿಪೋದಲ್ಲಿ ಬಸ್ಸಿನ ಇಂಜಿನ್ ಕೆಳಗೆ ಬೆಚ್ಚಗೆ ಮಲಗಿದ್ದ ಮರಿಯನ್ನು ಖಾಕಿ ಜೇಬಿನಲ್ಲಿ ಹಾಕಿಕೊಂಡು ತಂದವರು, ಅಂಗೈಯಷ್ಟಿತ್ತು, ಬೂದಿ ಬಣ್ಣ, ಮೂತಿಗೆ ಗ್ರೀಸು, ಆ ದಿನವೇ ಹೇಳಿಬಿಟ್ಟರು, ಇದು ಹೊಸಲು ದಾಟಬಾರದು, ರಸ್ತೆ ಅಂದ್ರೆ ಏನು ಅಂತ ನಾನು ದಿನಾ ನೋಡ್ತೀನಿ, ಬೆಳಿಗ್ಗೆ ಓಡಾಡ್ತಿದ್ದದ್ದು ಸಾಯಂಕಾಲ ಟಾರಿಗೆ ಅಂಟಿಕೊಂಡಿರುತ್ತೆ, ಗುರುತೂ ಸಿಗಲ್ಲ. ಸರಿ, ಇಟ್ಟುಕೊಂಡೆವು, ಗಾಜಿನಾಚೆ ಗುಬ್ಬಿ ಕೂತರೆ ಇದರ ದವಡೆ ಸುಮ್ಮಸುಮ್ಮನೆ ಅದುರುವುದು, ಬಾಗಿಲ ಬುಡ ಕೆರೆದು ಕೆರೆದು ಬಣ್ಣ ಎದ್ದುಹೋಯಿತು, ಆಮೇಲೆ ಕೆರೆಯುವುದನ್ನೂ ಬಿಟ್ಟಿತು, ತನ್ನ ಹೊಟ್ಟೆಯನ್ನು ತಾನೇ ನೆಕ್ಕಲು ಶುರುಮಾಡಿತು, ಕೂದಲೆಲ್ಲ ಹೋಗಿ ಗುಲಾಬಿ ಚರ್ಮ ಕಾಣುವವರೆಗೆ, ಬೇಜಾರಾದರೆ ಹಾಗೆ ಮಾಡ್ತವೆ ಅಂದರು ಪ್ರಾಣಿ ಡಾಕ್ಟರು, ಆದ್ರೂ ಒಳಗಿದ್ರೆ ಆಯುಸ್ಸು ಜಾಸ್ತಿ ನೋಡಿ ಅಂದರು, ಇವರು ಗೆದ್ದವರ ಹಾಗೆ ನನ್ನ ಕಡೆ ತಿರುಗಿದರು, ನನಗೆ ರೇಗಿತು, ಊರೆಲ್ಲ ಸುತ್ತಿ ಬರೋರು ನೀವು, ನಾಲ್ಕು ಗೋಡೆ ಅಂದ್ರೆ ಏನು ಅಂತ ನಿಮಗೇನ್ರೀ ಗೊತ್ತು, ಅಂದುಬಿಟ್ಟೆ, ಬೆಕ್ಕಿನ ಮಾತಾಡುತ್ತಿದ್ದೇವೋ ನನ್ನ ಮಾತಾಡುತ್ತಿದ್ದೇವೋ ಇಬ್ಬರಿಗೂ ತಿಳಿಯಲಿಲ್ಲ. ಮರುದಿನ ಇವರು ಡ್ಯೂಟಿಗೆ ಹೋದ ಮೇಲೆ ಕಿಟಕಿ ತೆಗೆದೆ. ಹೊರಗೆ ಒಂದು ಕಾಲಿಟ್ಟಿತು, ಹಿಂದಕ್ಕೆಳೆದುಕೊಂಡಿತು, ನನ್ನ ಮುಖ ನೋಡಿತು, ಹೋಗೋ ಮೇಸ್ತ್ರಿ, ಹೋಗಿ ಬಾ ಅಂದೆ. ಆವತ್ತು ನನಗಾದ ಸಂತೋಷ ಯಾವ ಹಬ್ಬಕ್ಕೂ ಆಗಿರಲಿಲ್ಲ.

ಎಷ್ಟು ಜಾಣ ಅದು, ಇವರ ಶೂ ಸದ್ದಿಗೆ ಮುಂಚೆ ಬಂದು ಚೀಲಗಳ ರಾಶಿಯ ಮೇಲೆ ಏನೂ ಅರಿಯದವನಂತೆ ಮಲಗಿರುತ್ತಿತ್ತು, ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ನಾನೂ ಅದೂ ಒಟ್ಟಿಗೇ ಕಲಿತೆವು, ಹೊಟ್ಟೆಯ ಕೂದಲು ಮತ್ತೆ ಬಂತು, ಬಾಲಕ್ಕೆ ಅಂಟಿದ ಮುಳ್ಳುಕಾಯಿ ಕಣ್ಣಿಗೆ ಬಿದ್ದ ದಿನ ಇವರು ಕೂಗಾಡಲಿಲ್ಲ, ಅನ್ನ ಕಲಸುತ್ತಲೇ, ಸರಿ, ಬಿಡ್ತೀಯಾ ಬಿಡು, ಕೊರಳಿಗೆ ಏನಾದ್ರೂ ಕಟ್ಟು, ಹಳದಿ ಇರಲಿ, ಗೆಜ್ಜೆ ಇರಲಿ, ಗಾಡಿಯವನ ಕಣ್ಣಿಗೆ ಬೀಳಬೇಕು, ಅಂದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಲೋಕವೆಲ್ಲ ಕೇಳಿಕೊಂಡು ಬಂತು, ನಾನು ಕಟ್ಟಿದೆ ನೋಡಿ, ಇವರ ಹಳೆಯ ಮಳೆಕೋಟು ಕತ್ತರಿಸಿ ಹಳದಿ ಪಟ್ಟಿ ಮಾಡಿ, ಒಂದು ಒತ್ತುಗುಂಡಿ ಇಟ್ಟು, ಅದು ಒಂದೇ ದಿನಕ್ಕೆ ಎಲ್ಲೋ ಬೀಳಿಸಿಕೊಂಡು ಬರಿಗೊರಳಲ್ಲಿ ಬಂತು, ಆಗ ಇವರು ನಕ್ಕದ್ದು, ಏನೇ, ಊರಿಗೆಲ್ಲ ಗಟ್ಟಿ ಹೊಲಿಗೆ ಹಾಕೋಳು, ಮನೆಯೋನಿಗೆ ಹಾಕಿದ್ದು ಒಂದು ದಿನ ತಡೀಲಿಲ್ವಲ್ಲ! ತಮಾಷೆಗೇ ಅಂದದ್ದು, ನನಗೆ ಚುರುಕ್ಕೆಂದಿತು, ಇಷ್ಟು ವರ್ಷ ಸೂಜಿ ಹಿಡಿದವಳಿಗೆ, ಆಗಲಿ, ನೋಡೇಬಿಡೋಣ ಅಂತ ಎರಡನೆಯ ಪಟ್ಟಿಗೆ ಗೆಜ್ಜೆ ಇಟ್ಟೆ, ಗುಂಡಿ ಮಾತ್ರ ಇಡಲಿಲ್ಲ, ಬೆಕ್ಕನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೊರಳ ಮೇಲೇ ಎರಡು ತುದಿ ಕೂಡಿಸಿ, ಕೆಳಗೆ ಬೆರಳು ತೂರಿಸಿ ಸಡಿಲ ನೋಡಿಕೊಂಡು, ಚೀಲಕ್ಕೆ ಹಾಕುವ ದಪ್ಪ ಹಳದಿ ದಾರದಲ್ಲಿ ಕೈಹೊಲಿಗೆ, ಸುತ್ತ ಚೌಕ, ಒಳಗೆ ಇಂಟು, ಅದರ ಮೇಲೆ ಮತ್ತೊಂದು ಸಲ, ಅದು ಗುರ್ರ್ ಅಂತ ನನ್ನ ಬೆರಳು ನೆಕ್ಕುತ್ತಿತ್ತು, ಕೊನೆಯ ಗಂಟನ್ನು ಹಲ್ಲಿನಿಂದ ಕಡಿಯುವಾಗ ಅದರ ಕೂದಲು ನನ್ನ ತುಟಿಗೆ ಅಂಟಿತು. ಈಗ ಎಳೀರಿ ನೋಡೋಣ ಅಂದೆ, ಇವರು ಎಳೆದರು, ಬರಲಿಲ್ಲ, ಶಭಾಷ್, ಇದನ್ನ ಬಿಚ್ಚೋಕೆ ನಿನ್ನ ಹೊಲಿಗೆ ಕೊಯ್ಯೋ ಕೊಕ್ಕೇನೇ ಬೇಕು ಅಂದರು. ನಾನು ಹಿಗ್ಗಿ ಹೀರೇಕಾಯಾದೆ.

ಮೊದಲನೆಯದು ಯಾಕೆ ಬಿದ್ದಿತ್ತು ಅಂತ ಒಂದು ಸಲವಾದರೂ ಯೋಚಿಸಬೇಡವೇ, ಎಲ್ಲೋ ಸಿಕ್ಕಿಕೊಂಡಿತ್ತು, ಗುಂಡಿ ಕಳಚಿ ಅದು ತಪ್ಪಿಸಿಕೊಂಡು ಬಂದಿತ್ತು, ಅಷ್ಟು ಸುಲಭದ ಲೆಕ್ಕ, ನಿನ್ನೆ ಬೀದಿ ಬೀದಿ ಕೂಗಿ ಬಂದು ಚಪ್ಪಲಿ ಬಿಡುವಾಗ ಹೊಳೆಯಿತು, ಹೊಳೆದದ್ದನ್ನು ಅಲ್ಲೇ ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದೆ, ಇಲ್ಲ ಇಲ್ಲ, ಯಾರದೋ ಮನೆಯಲ್ಲಿ ಮೀನು ತಿಂದು ಬಿದ್ದಿದೆ, ಗಂಡು ಬೆಕ್ಕು, ನಾಲ್ಕು ದಿನ ಸುತ್ತಿ ಬರುತ್ತೆ ಬಿಡಮ್ಮ ಅಂತ ಮಹಡಿಯ ಅಕ್ಕನೂ ಅಂದಳಲ್ಲ, ಅವಳೇ ತಾನೇ ಮೊನ್ನೆ ಮಧ್ಯಾಹ್ನ ಬಟ್ಟೆ ಒಣಗಿಸುತ್ತ ಮೇಲಿನಿಂದ ಹೇಳಿದ್ದು, ನಿನ್ನ ಮೇಸ್ತ್ರಿ ಖಾಲಿ ಸೈಟಿನ ತಂತಿ ಬೇಲಿ ಹತ್ತಿರ ಎಲ್ಲೋ ಆಟ ಆಡ್ತಿದಾನೆ ಕಣಮ್ಮ, ಗೆಜ್ಜೆ ಒಂದೇ ಸಮ ಕೇಳಿಸ್ತಿದೆ, ಏನು ಕುಣಿತವೋ, ಅಂತ, ನಾನು ಕತ್ತೆತ್ತಿ ನಕ್ಕೆ, ಕುಣೀಲಿ ಬಿಡಕ್ಕ, ಹೊಟ್ಟೆ ಹಸಿದ್ರೆ ಬರ್ತಾನೆ ಅಂದೆ, ಮತ್ತೆ ಹೊಲಿಯಲು ಕೂತೆ, ಮಿಷನ್ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ, ಮಿಷನ್ ನಿಲ್ಲಿಸಿದಾಗ ಅದೂ ನಿಂತಿತ್ತು. ಒಂದೇ ಸಮ ಅಂದಳು. ಕುಣಿತ ಅಂದಳು. ಬೇಲಿ ಇಲ್ಲಿಂದ ಎರಡು ಮನೆಯಾಚೆ, ನಿನ್ನೆ ಊರೆಲ್ಲ ಸುತ್ತಿದವಳು ಅದೊಂದು ಕಡೆ ಹೋಗಲಿಲ್ಲ, ಪೊದೆ, ಹಾವು ಇರುತ್ತೆ ಅಂತ ನೆಪ ಹೇಳಿಕೊಂಡೆ, ಹಾವಿಗೆ ಹೆದರಿದವಳಲ್ಲ ನಾನು.

ಅಯ್ಯೋ, ಈ ಪಟ್ಟಿ ತಿರುಗಾಮುರುಗಾ ಹಾಕಿಬಿಟ್ಟೆ, ಕೈ ಎಲ್ಲೋ ಮನಸ್ಸೆಲ್ಲೋ, ಬಿಚ್ಚಬೇಕು, ಬೆಳಿಗ್ಗೆಯೂ ಹೀಗೇ ಆಯಿತು, ಆಗ ಕೊಕ್ಕೆ ಸಿಗಲಿಲ್ಲ, ಪೆಟ್ಟಿಗೆಯೆಲ್ಲ ತಡಕಿ ಬ್ಲೇಡಿನಲ್ಲಿ ಕೊಯ್ದು ಹೆಬ್ಬೆರಳೂ ಕೊಯ್ದುಕೊಂಡೆ, ಕೆಂಪು ಹಿಡಿಯ ಪುಟ್ಟ ಕೊಕ್ಕೆ, ತುದಿಯಲ್ಲಿ ಕವಲು, ಇಷ್ಟು ವರ್ಷ ಅದನ್ನು ನಾನಲ್ಲದೆ ಇನ್ನೊಬ್ಬರು ಮುಟ್ಟಿಲ್ಲ. ಇವರು ಬೆಳಗಿನ ಡ್ಯೂಟಿ ಮುಗಿಸಿ ಬಂದಿದ್ದಾರೆ, ದಿನಕ್ಕಿಂತ ತಡವಾಗಿ, ಬಸ್ಸು ಕೆಟ್ಟಿತ್ತಾ ಅಂದರೆ ಹೂಂ ಅಂದರು, ಬಸ್ಸು ಕೆಟ್ಟ ದಿನ ಒಂದು ಗಂಟೆ ಬೈಯುವವರು ಬರೀ ಹೂಂ, ಶೂ ತುಂಬ ಹಸಿ ಮಣ್ಣು, ಡ್ರೈವರ್ ಸೀಟಿನಲ್ಲಿ ಎಲ್ಲಿಯ ಮಣ್ಣು, ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಎಷ್ಟು ಹೊತ್ತು ಕೈ ತೊಳೆದರು, ಹೊರಗೆ ಬಂದು ನನ್ನ ಮಿಷನ್ ಪಕ್ಕ, ಅದು ಕೂರುತ್ತಿದ್ದ ಜಾಗದ ಹತ್ತಿರ ಒಂದು ಗಳಿಗೆ ನಿಂತರು, ಮಹಡಿ ಅಕ್ಕ ಬೆಳಿಗ್ಗೆ ಮೆಟ್ಟಿಲ ಹತ್ತಿರ ಏನೋ ಹೇಳ್ತಿದ್ರಲ್ಲ ನಿಮಗೆ, ಅಂದೆ, ಏನಿಲ್ಲ, ನೀರಿನ ಮೋಟಾರ್ ವಿಷಯ, ಅಂದರು, ನನಗೆ ಚಳಿ ಅನಿಸಿತು, ಕಿಟಕಿ ಹಾಕ್ಲಾ ಅಂತ ರೀಲಿಗೆ ಕೈ ಹಾಕಿದೆ, ಯಾವತ್ತೂ ಕಿಟಕಿ ಹಾಕು ಹಾಕು ಅಂತ ಜೀವ ತಿಂದವರು, ಇರಲಿ ಬಿಡು, ತೆರೆದೇ ಇರಲಿ, ಅಂದರು. ದನಿ ಎಷ್ಟು ಮೆತ್ತಗಿತ್ತು. ಮದುವೆಯಾದಾಗಿನಿಂದ ನನ್ನ ಹತ್ತಿರ ಅಷ್ಟು ಮೆತ್ತಗೆ ಮಾತಾಡಿದ್ದು ನನ್ನ ಅಮ್ಮ ಹೋದ ದಿನ ಒಂದೇ.

ಈಗ ಒಳಕೋಣೆಯಲ್ಲಿ ಮಲಗಿದ್ದಾರೆ, ನಿದ್ದೆಯಿಲ್ಲ, ಗೋಡೆಯ ಕಡೆ ಮುಖ, ಮಂಚ ಕಿರುಗುಟ್ಟುವುದು ಕೇಳುತ್ತಿದೆ, ಎಲ್ಲಿ ಕತ್ತರಿ, ಬೇಡ, ಕತ್ತರಿ ದಪ್ಪವಾಯಿತು, ಡಬ್ಬಿಯಲ್ಲಿ ಬಾಬಿನ್, ಸೀಮೆಸುಣ್ಣ, ಟೇಪು — ಕೊಕ್ಕೆ. ಇದೆ. ಬೆಳಿಗ್ಗೆ ಇರಲಿಲ್ಲ, ಈಗ ಇದೆ, ಗುಂಡಿಗಳ ಮಧ್ಯೆ ತಲೆಕೆಳಗಾಗಿ, ನಾನು ಯಾವತ್ತೂ ಹಾಗೆ ಇಡುವುದಿಲ್ಲ, ಹಿಡಿ ತೊಳೆದಿದ್ದಾರೆ, ಇನ್ನೂ ಒದ್ದೆ, ಚೆನ್ನಾಗಿಯೇ ತೊಳೆದಿದ್ದಾರೆ, ಆದರೆ ಕವಲಿನ ಸಂದಿಯನ್ನು ಹೊಲಿಯುವವರಷ್ಟೇ ಊದಿ ತೆಗೆಯುತ್ತಾರೆ, ಇವರಿಗೆ ಹೇಗೆ ಗೊತ್ತಾಗಬೇಕು, ಬೆಳಕಿಗೆ ಹಿಡಿಯಬೇಡ, ಇಟ್ಟುಬಿಡು, ಡಬ್ಬಿ ಮುಚ್ಚು, ನಾಲ್ಕು ದಿನ ಸುತ್ತಿ ಬರುತ್ತೆ, ಗಂಡು ಬೆಕ್ಕು — ಏನೇ, ಹಾಲು ಇಟ್ಟಿದ್ದೀಯಾ, ಒಳಗಿನಿಂದ ಇವರು, ಇಟ್ಟಿದ್ದೀನಿ ರೀ ಅಂದೆ, ಬರುತ್ತೆ ಬಿಡು, ಅಂದರು, ಬರುತ್ತೆ ಅಲ್ವಾ, ಬರದೆ ಎಲ್ಲಿ ಹೋಗುತ್ತೆ, ಅಂದೆ, ನನ್ನ ದನಿಯೂ ಎಷ್ಟು ಮೆತ್ತಗೆ ಬಂತು, ಕಾಲು ಪೆಡಲ್ ಮೇಲಿದೆ, ತುಳಿಯುತ್ತಿಲ್ಲ, ಕವಲಿನಲ್ಲಿ ಹಳದಿ, ಹಳದಿ ದಾರ, ನನ್ನದೇ ದಪ್ಪ ದಾರ, ಒಂದು ಕೂದಲು ಬೂದಿ ಬಣ್ಣದ್ದು, ಮಿಕ್ಕದ್ದೆಲ್ಲ ಹಳದಿ, ಗಿಡ್ಡ ಗಿಡ್ಡ ತುಂಡು, ಸುತ್ತ ಚೌಕ, ಒಳಗೆ ಇಂಟು, ಅದರ ಮೇಲೆ ಮತ್ತೊಂದು ಸಲ, ಒಂದೊಂದು ಎಳೆಯನ್ನೂ ಇವರು ಕೊಯ್ದೇ ಬಿಡಿಸಿದ್ದಾರೆ, ಒಂದೂ, ಒಂದೇ ಒಂದೂ ತಾನಾಗಿ ಬಿಚ್ಚಿಲ್ಲ