ಮಡ್ಡಿ

ಏಳನೇ ಕ್ಲಾಸಿನ ಭೂಗೋಳ ಪರೀಕ್ಷೆಯಲ್ಲಿ ಲಡಾಖಿನ ಭೂಸ್ವರೂಪ ವಿವರಿಸಿ ಎಂದು ಕೇಳಿದ್ದೆ. ದಾನೇಶ್ವರಿ ಬರೆದಿದ್ದಳು: ‘ಲಡಾಖ ಅಂದರೆ ಮುಗಿಲ ಹತ್ತಿರದ ಮಡ್ಡಿ. ಘಾಟ ಹತ್ತಿದ ಮ್ಯಾಲೆ ಎಲ್ಲಾ ಸಪಾಟ. ಒಂದು ಗಿಡ ಇಲ್ಲ. ಕೆರಿ ನೀರು ಉಪ್ಪು. ಬಿಸಿಲಾಗ ಮೈ ಸುಡತೈತಿ, ನೆರಳಾಗ ನಡಗತೈತಿ.’

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ದಹಿಸರ್‌ನಿಂದ ಲೋಕಲ್ ರೈಲಿನಲ್ಲಿ ನಿಂತು ನಮ್ಮ ಕನ್ನಡ ಶಾಲೆಗೆ ಬಂದ ದಿನ ಕೇಳುವುದೇ ಬೇಡ. ಉಡುಪಿಯವಳಾದ ನನಗೆ ಮಡ್ಡಿ ಎಂದರೆ ಬುದ್ಧಿ ಮಂದ ಇರುವವರು, ಅಷ್ಟೆ. ಉತ್ತರಕ್ಕೆ ಕೆಂಪು ಗೀಟು ಎಳೆದು, ಇಡೀ ಕ್ಲಾಸಿಗೆ ಕೇಳುವಂತೆ ಓದಿದೆ. “ಲಡಾಖ್ ಮಡ್ಡಿಯಂತೆ! ಇಲ್ಲಿ ಮಡ್ಡಿ ಯಾರು ಅಂತ ಗೊತ್ತಾಯ್ತಲ್ಲ ಎಲ್ಲರಿಗೂ?”

ಮಕ್ಕಳು ಬಿದ್ದು ಬಿದ್ದು ನಕ್ಕರು. ಊಟದ ಬಿಡುವಿನ ಹೊತ್ತಿಗೆ ಅದೇ ಅವಳ ಹೆಸರಾಗಿತ್ತು. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ.

ಐದನೇ ದಿನ ಅವಳ ಅಪ್ಪ ಚಂದ್ರಾಮ ಬಂದ. ಬಿಲ್ಡಿಂಗ್ ಕೆಲಸದವನು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲೇ ನಿಂತ.

“ತಪ್ಪು ನಂದೈತ್ರಿ ಟೀಚರ್. ಅಕಿನ್ನ ಬೈಬ್ಯಾಡ್ರಿ. ನಾ ಸಾಲಿ ಕಲ್ತಾಂವಲ್ಲ. ನಮ್ಮ ಕಡೆ ಎತ್ತರದಾಗಿನ ಸಪಾಟ ಬರಡು ಭೂಮಿಗೆ ಮಡ್ಡಿ ಅಂತೀವ್ರಿ. ಲಡಾಖದಾಗ ಮೂರು ವರ್ಷ ರಸ್ತೆ ಕೆಲಸ ಮಾಡೀನಿ. ಉಸಿರು ಹಿಡೀತಿತ್ತು, ಬ್ಯಾಳಿ ಬೇಯ್ತಿರಲಿಲ್ಲ. ಆದ್ರ ನೋಡಿದ್ರ ನಮ್ಮ ಮಡ್ಡಿನ ಯಾರೋ ಎತ್ತಿ ಮ್ಯಾಲಿಟ್ಟಂಗ ಇತ್ರಿ. ಅದನ್ನ ಅಕಿಗೆ ಹೇಳಿದ್ದೆ. ಪೇಪರ್ದಾಗ ಬರಿಬಾರದ ಮಾತು ಅಂತ ನನಗ ತಿಳೀಲಿಲ್ಲ.”

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಇಪ್ಪತ್ತೆರಡು ವರ್ಷದಿಂದ ಪ್ರಸ್ಥಭೂಮಿ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ಒಂದನ್ನೂ ಕಾಲಿಟ್ಟು ನೋಡಿದವಳಲ್ಲ. ಅಲ್ಲಿ ಕಲ್ಲು ಒಡೆದು ಬಂದವನು ನನ್ನ ಮುಂದೆ ಕೈಕಟ್ಟಿ ನಿಂತಿದ್ದ. ಕ್ಷಮಿಸಿ ಎನ್ನಬೇಕಿತ್ತು. ಬಾಯಿಂದ ಬಂದದ್ದು, “ಇರಲಿ, ಪರವಾಗಿಲ್ಲ. ಸೋಮವಾರ ಕಳಿಸಿ.” ಅವನನ್ನು ನಾನೇ ಕ್ಷಮಿಸಿದ ಹಾಗೆ! ಅವನು ಕೈ ಮುಗಿದು ಹೋದ.

ಸೋಮವಾರ ದಾನೇಶ್ವರಿ ಬಂದು ಕೊನೆಯ ಬೆಂಚಿನಲ್ಲಿ ಕುಳಿತಳು. ನಾನು ಕ್ಲಾಸಿನ ಮುಂದೆ ನಿಂತು, ತಪ್ಪು ಅವಳದ್ದಲ್ಲ, ನನ್ನದು ಎಂದೆ. ಮಡ್ಡಿ ಒಳ್ಳೆಯ ಕನ್ನಡ, ನನಗೇ ಗೊತ್ತಿರಲಿಲ್ಲ ಎಂದೆ. ಯಾರೂ ನಗಲಿಲ್ಲ. ಅವಳನ್ನು ಕರೆದು ಕೈಗೆ ಸೀಮೆಸುಣ್ಣ ಕೊಟ್ಟೆ.

“ಲಡಾಖ್ ಹೇಗಿದೆ ಅಂತ ನಿನ್ನ ಮಾತಲ್ಲೇ ಬರಿ ಮಗಾ.”

ಅವಳು ಒತ್ತಕ್ಷರ ಒಂದೂ ತಪ್ಪದಂತೆ ‘ಪ್ರಸ್ಥಭೂಮಿ’ ಎಂದು ಬರೆದಳು.

“ಅದಲ್ಲ, ಅಪ್ಪ ಹೇಳಿಕೊಟ್ಟದ್ದು ಬರಿ.”

ಅವಳು ತಲೆ ಎತ್ತಲಿಲ್ಲ.

“ಬ್ಯಾಡ್ರಿ ಟೀಚರ್,” ಎಂದಳು. “ಅದು ಬೈಗುಳ ಐತ್ರಿ.”