ಸೋಮವಾರದ ಹುಡುಗ

ನಮ್ಮ ಗದಗಿನಲ್ಲಿ ವಾರಾನ್ನದ ಹುಡುಗರಿಗೆ ಹೆಸರಿಗಿಂತ ವಾರವೇ ಗುರುತು. ಯಳವತ್ತಿಯ ಅನಂತ ನಮ್ಮ ಮನೆಗೆ ಸೋಮವಾರದ ಹುಡುಗ. ಉಳಿದ ದಿನ ಬೇರೆ ಬೇರೆ ಮನೆಗಳಲ್ಲಿ ಉಂಡು, ಹೊಸದಾಗಿ ತೆರೆದ ಕಾಲೇಜಿನಲ್ಲಿ ಇಂಟರ್ ಓದುತ್ತಿದ್ದ. ತಂದೆ ಮಾರ್ತಾಂಡಭಟ್ಟರು ಯಳವತ್ತಿಯ ಗುಡಿಯ ಪೂಜಾರಿ.

ಕರ್ನಾಟಕ ಒಂದಾದ ಆ ದೀಪಾವಳಿಯಲ್ಲಿ ಊರೆಲ್ಲ ಮಾತೋ ಮಾತು. ಅನಂತ ಮಾತ್ರ ಬಾಯಿ ಮುಚ್ಚಿದ. ಎಲೆಯ ಮುಂದೆ ತಲೆ ತಗ್ಗಿಸಿ ಕೂತು, ನಾಲ್ಕು ತುತ್ತು ತಿಂದು ಎದ್ದುಬಿಡುತ್ತಿದ್ದ. ನಮ್ಮ ಓಣಿಯ ಹೆಂಗಸರ ಬುದ್ಧಿ ಕೇಳಬೇಕೆ? ಊಟದ ಹೊತ್ತಿನ ಮೌನವ್ರತ ಎಂದು ತೀರ್ಮಾನಿಸಿಬಿಟ್ಟರು. ಗುರುವಾರದ ಮನೆಯ ಅಂಬುಬಾಯಿಯಂತೂ ಅವನಿಗೆ ತುಪ್ಪ ಹೆಚ್ಚು ಬಡಿಸಿ, ಅವನನ್ನು ತೋರಿಸಿ ತನ್ನ ಮಗನಿಗೆ ಬುದ್ಧಿ ಹೇಳುತ್ತಿದ್ದಳು.

ಸಂಶಯ ಬಂದದ್ದು ನಮ್ಮವ್ವ ಯಮುನಾಬಾಯಿಗೆ ಮಾತ್ರ. ಉಣ್ಣುವ ಮೊದಲು ಎಲೆಯ ಬಲಕ್ಕೆ ಅಗುಳಿಡುವ ಚಿತ್ರಾಹುತಿಯನ್ನೇ ಹುಡುಗ ಮರೆಯುತ್ತಿದ್ದ.

“ಚಿತ್ರಾಹುತಿ ಮರೆತಾಂವಗ ಎಲ್ಲೀ ವ್ರತ, ಕಮಲಾ?” ಎಂದು ನನಗೆ ಹೇಳಿ, ಹೋಗಿ ಅವನ ಪಕ್ಕದಲ್ಲೇ ಕೂತಳು. “ಏನಾಗೇದ ಹೇಳಪಾ.”

ಅವನು ಬಾಯಿ ಬಿಟ್ಟ. “ಎಲಿ ಮುಂದ ಕೂತ್ರ ಸಾಕು, ಯಾರ್ಯಾರೋ ಬೈತಾರ್ರಿ. ಬಿಟ್ಟಿ ಕೂಳು ತಿಂತೀ ಅಂತಾರ. ತಿರುಗಿ ನೋಡಿದ್ರ ಯಾರೂ ಇರಂಗಿಲ್ಲ. ಕಾಲೇಜಿನ್ಯಾಗೂ ಹಂಗ.”

ಅದೇ ಗುರುವಾರ ಅಂಬುಬಾಯಿಯ ಮನೆಯಲ್ಲಿ ಉಣ್ಣುತ್ತ ಆ ದನಿಗಳಿಗೆ “ಸಾಕು ಮಾಡ್ರಿ!” ಎಂದು ಚೀರಿಬಿಟ್ಟ. ವ್ರತ ಹೋಗಿ ದೆವ್ವವಾಯಿತು. ಒಂದೊಂದೇ ಮನೆಯ ಬಾಗಿಲು ಮುಚ್ಚಿತು. ಮುಂದಿನ ಸೋಮವಾರ ಮಾರ್ತಾಂಡಭಟ್ಟರು ಬಂದು ನಮ್ಮ ಪಡಸಾಲೆಯಲ್ಲಿ ನಿಂತರು.

“ಕಾಲೇಜು ಸಾಕ್ರಿ. ದೆವ್ವ ಬಿಡಸಾಕ ಕರಕೊಂಡು ಹೋಗ್ತೀನಿ.”

ಅನಂತನ ಕಣ್ಣಲ್ಲಿ ನೀರು. “ನಾ ಪರೀಕ್ಷಾಕ್ಕ ಕೂಡ್ಬೇಕು ಅಪ್ಪಾ.”

ಅವ್ವ ಮಣೆ ಹಾಕಿ, ಎಲೆ ಹರವಿ, ತಾನೇ ಕೂತುಬಿಟ್ಟಳು. ಅತಿಥಿಗಳು, ಗಂಡಸರು, ಮಕ್ಕಳು ಎಲ್ಲರೂ ಉಂಡಮೇಲೆ ಅಡಿಗೆಮನೆಯ ಮೂಲೆಯಲ್ಲಿ ಉಣ್ಣುವ ನಮ್ಮವ್ವ! ನಮ್ಮಪ್ಪ ಬಾಯಿ ತೆರೆದು ನೋಡಿದರು.

“ಅನಂತಾ, ನನಗ ಹಸಿವ್ಯಾಗೇದ. ಬಡಸು.”

ಅವನು ಅನ್ನ ಬಡಿಸಿದ, ಸಾರು ಹಾಕಿದ. ಅವ್ವ ಬೇಡಿಬೇಡಿ ಹಾಕಿಸಿಕೊಂಡಳು.

“ಈಗ ಬೈಯಾಕ ಹತ್ಯಾರೇನು?”

“ಹ್ಞೂಂರಿ. ಆದ್ರ ಸಣ್ಣಗ.”

“ಇನ್ನು ಮ್ಯಾಲ ನೀ ಬಡಿಸಿದ ಮ್ಯಾಲನ ನಾ ಉಣ್ಣಾಕಿ. ನೀ ಹ್ವಾದ್ರ ನಾ ಉಪವಾಸ.”

ನಮ್ಮವ್ವನ ಹಟ ಅಂಥದ್ದು. ಭಟ್ಟರು ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡು, ಪರೀಕ್ಷೆಯವರೆಗೆ ಇರಲಿ ಎಂದರು. ಮರುದಿನ ಅವ್ವ ತಂದೆ ಮಗ ಇಬ್ಬರನ್ನೂ ಧಾರವಾಡದ ಡಾಕ್ಟರರ ಬಳಿ ಕರೆದೊಯ್ದಳು. ಇದು ದೆವ್ವವಲ್ಲ, ಕಾಯಿಲೆ, ವಾಸಿಯಾಗಲು ದಿನ ಹಿಡಿಯುತ್ತದೆ ಎಂದು ಹೇಳಿ ಅವರು ಗುಳಿಗೆ ಕೊಟ್ಟರು. ಅಲ್ಲಿಂದ ಬಂದವಳೇ ಸೆರಗು ಸುತ್ತಿಕೊಂಡು ಕಾಲೇಜಿಗೆ ನಡೆದಳು. ಪ್ರಿನ್ಸಿಪಾಲ ವಿರೂಪಾಕ್ಷಪ್ಪನವರು ಎಲ್ಲವನ್ನೂ ಕೇಳಿದರು.

“ಬಾಗಲಾ ಹತ್ತರ ಕುಂಡ್ರಲಿ, ತಾಯಿ. ತ್ರಾಸಾದ್ರ ಎದ್ದು ಹೋಗಲಿ, ಯಾರೂ ಕೇಳಂಗಿಲ್ಲ. ಜ್ವರ ಬಂದಾಂವನ್ನ ಕಾಲೇಜು ಬಿಡಸ್ತೇವೇನು? ಇದೂ ಹಂಗ ಐತಿ.”

ಮುಚ್ಚಿದ ಮನೆಗಳ ವಾರಗಳೆಲ್ಲ ನಮ್ಮ ಮನೆಗೆ ಬಂದವು. ಕೆಲವು ದಿನ ಅವನು ತನ್ನ ಕೋಣೆಯಲ್ಲಿ ಹಾಸಿಗೆಯಿಂದ ಏಳುತ್ತಲೇ ಇರಲಿಲ್ಲ. ಅಂದು ಅವ್ವ ನಿಜವಾಗಿಯೂ ಉಣ್ಣುತ್ತಿರಲಿಲ್ಲ. ಅವಳ ಮೇಲೆ ನನಗೆ ಸಿಟ್ಟೂ ಬರುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ಇಂದಿಗೂ ಉಳಿದಿರುವುದು ಹೆಮ್ಮೆ.

ಪರೀಕ್ಷೆಯ ಬೆಳಿಗ್ಗೆ ಅನಂತ ಸ್ನಾನ ಮಾಡಿ, ಮಡಿಯುಟ್ಟು, ಎಲ್ಲರಿಗಿಂತ ಮೊದಲೇ ಬಂದ.

“ಬೈಗಳಾ ನಿಂತಾವೇನಪಾ?” ಎಂದಳು ಅವ್ವ.

“ಇಲ್ಲರಿ, ಇನ್ನೂ ಬೈತಾರ. ಕೇಳ್ಕೋತ ಕೂಡಾಕ ನನಗ ಇವತ್ತು ವ್ಯಾಳ್ಯಾ ಇಲ್ಲ. ಜಲ್ದಿ ಕೂಡ್ರಿ, ನಿಮಗ ಬಡಿಸಿ ಹೋಗ್ಬೇಕು.”

ಅವ್ವನಿಗೆ ಅಷ್ಟು ಬೆಳಿಗ್ಗೆ ಹಸಿವೇ ಇರಲಿಲ್ಲ. ಆದರೂ ಕೂತಳು, ಎಲೆಯಲ್ಲಿ ಒಂದಗುಳೂ ಬಿಡಲಿಲ್ಲ.